66, 52, ತಪ್ಪಿದ ಒಂದು ಡೋಸ್
ಕಲಬುರಗಿಯೊಳಗ ಎಕೋ, ಅಂದ್ರ ಹಾರ್ಟಿನ ಸ್ಕ್ಯಾನಿಂಗ್, ಮಾಡ್ಲಿಕತ್ತು ಹನ್ನೊಂದು ವರ್ಷ ಆತು, ಹೋದ ವರ್ಷ ಬರದ ಒಂದು ಸಾಲು ಇನ್ನೂ ಎದಿಯಾಗ ಚುಚ್ಚತದ.

ಚಿತ್ತಾಪುರ ಕಡೀ ಹೆಣ್ಮಗಳು, ಸ್ತನ ಕ್ಯಾನ್ಸರ್, ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮ್ಯಾಬ್ ನಡದಿತ್ತು. ಆ ಔಷಧಕ್ಕ ಕೆಲವರ ಹಾರ್ಟ್ ಪಂಪಿಂಗ್ ಕುಗ್ಗತದ, ಅದಕ್ಕೇ ಮೂರು ತಿಂಗಳಿಗೊಂದು ಎಕೋ. ಅವತ್ತ ಹೊರಗ ನಲವತ್ತು ಮಂದಿ ಕುಂತಿದ್ರು. ಬೈಪ್ಲೇನ್ ಸಿಂಪ್ಸನ್, ಅಂದ್ರ ಎರಡು ಕೋನದಿಂದ ಹಾರ್ಟಿನ ಒಳಗೋಡಿಗುಂಟ ಗೆರಿ ಎಳದು ಅಳಿಯೂದು, ಮಾಡಿದೆ; ಇಎಫ್, ಅಂದ್ರ ಒಂದು ಬಡಿತಕ್ಕ ಹಾರ್ಟ್ ಎಷ್ಟು ಪರ್ಸೆಂಟ್ ರಕ್ತ ಹೊರಗ ತಳ್ಳತದ ಅನ್ನೂದು, 52 ಬಂತು, ಶುರುವಿನ ರಿಪೋರ್ಟ್ ತಗದು ನೋಡಿದ್ರ 66, ಅದೂ ನಾನೇ ಮಾಡಿದ್ದು, ಹಿಂದಮುಂದ ನೋಡಲಾರದ "14 ಪಾಯಿಂಟ್ ಇಳಿದದ" ಅಂತ ಟೈಪ್ ಮಾಡಿ ಸಾಹೇಬ್ರ ಸಹಿಗೆ ಕಳಿಸಿಬಿಟ್ಟೆ. ಹತ್ತಕ್ಕಿಂತ ಜಾಸ್ತಿ ಇಳಿದು 53ರ ಕೆಳಗ ಬಂದ್ರ ಆಂಕಾಲಜಿಯವರು, ಅಂದ್ರ ಕ್ಯಾನ್ಸರ್ ಡಾಕ್ಟ್ರು, ಸುಮ್ನ ಕೂಡೂದಿಲ್ಲ. ಡೋಸ್ ತಡದ್ರು.

ಡೋಸಿನ ತಾರೀಖು ದಾಟಿ ನಾಕು ದಿನಕ್ಕ ಆಕಿ ಗಂಡ ಬಂದ. ಕ್ಯಾರಿಬ್ಯಾಗಿನಾಗಿಂದ ಫೈಲ್ ತಗದು, ಆ 52ರ ಮ್ಯಾಲ ಬೆರಳಿಟ್ಟು, "ಹಾರ್ಟ್ ಖರಾಬ್ ಆಗ್ಯದಂತ್ರಿ, ಇನ್ನ ಇಂಜೆಕ್ಷನ್ ಇಲ್ಲಂದ್ರ ಹ್ಯಾಂಗ್ರಿ?" ಅಂದ. ನನ್ನ ಹಂತ್ಯಾಕ ಜವಾಬಿಲ್ಲ. ಆತನ್ನ ಕೂಡ್ಸಿ ಹಳೇ ಕ್ಲಿಪ್ ತಗದೆ.

ಆ 66 ಎಮ್-ಮೋಡಿನದು! ಟೈಕೋಲ್ಟ್ಸ್ ಅನ್ನೂ ಬ್ಯಾರೆ ಲೆಕ್ಕ, ಸಿಂಪ್ಸನ್ ಅಲ್ಲ. ಕರ್ಸರಿನ ಒಂದೇ ಗೆರಿ, ಅದೂ ಹಾರ್ಟಿನ ಬುಡದ ಕಡೀ ಅಷ್ಟ, ತುದಿ ಕಾಣೂದೇ ಇಲ್ಲ, ಆ ಒಂದು ಅಳತಿಯನ್ನ ಘನ ಮಾಡಿ ವಾಲ್ಯೂಮ್ ತಗೀತದ, ಅಂದ್ರ ಒಂದೆರಡು ಮಿಲಿಮೀಟರ್ ತಪ್ಪಿದ್ರೂ ಬೆಳದು ನಿಲ್ಲತದ. ಮ್ಯಾಲ ನನ್ನ ಕರ್ಸರ್ ಓರೆ ಬಿದ್ದಿತ್ತು. ನಮ್ಮ ಟೆಂಪ್ಲೇಟ್ ಯಾವುದರಿಂದ ಬಂದ ಇಎಫ್ ಅಂತ ಪ್ರಿಂಟೇ ಮಾಡೂದಿಲ್ಲ. ಒಂದು ಸಲ ಸೇರಿನಾಗ ಅಳದ ತೊಗರಿಯನ್ನ ಇನ್ನೊಂದು ಸಲ ಕಿಲೋದಾಗ ತೂಗಿ, ಕಮ್ಮಿ ಬಿತ್ತು ಅಂದಂಗ ಆತು.

ಪುಣ್ಯಕ್ಕ ಆವಾಗಿನ ಫೋರ್ ಚೇಂಬರ್, ಟೂ ಚೇಂಬರ್, ಸಿಂಪ್ಸನ್‌ಗೆ ಬೇಕಾದ ಎರಡೂ ಚಿತ್ರ, ಸೇವ್ ಇದ್ವು. ಟ್ರ್ಯಾಕ್‌ಬಾಲ್ ಹಿಡಿದು ಎಂಡೋಕಾರ್ಡಿಯಂ, ಅಂದ್ರ ಹಾರ್ಟಿನ ಒಳಪದರ, ಅದರ ಸುತ್ತ ಗೆರಿ ಎಳೀಬೇಕಾದ್ರ ಕೈ ನಡಗ್ತಿತ್ತು, ಬಾಗಲದಾಗ ಆತ ಎದ್ದು ಬಂದು ನಿಂತಿದ್ದ. 57. ಅಳಿಸಿ ಮತ್ತ ಎಳದೆ, 56. ಅಂದ್ರ ಇಳಿದದ್ದು ನಾಕೋ ಐದೋ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೇ ಅಷ್ಟು ಫರಕ್ ಬರತದ. ಹಾರ್ಟಿನ ಸ್ನಾಯು ಎಷ್ಟು ಕುಗ್ಗತದ ಅಂತ ಅಳಿಯೂ ಸ್ಟ್ರೇನೂ ಎರಡೂ ಸಲ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಮ್ಯಾಲ ಓಡಿದೆ. ಹೈದರಾಬಾದಿಗೆ ಕಳಿಸಿ ಎಮ್‌ಆರ್‌ಐ ಮಾಡ್ಸೋಣೇನು, ಮುಗಾ ಮಾಡ್ಸೋಣೇನು ಅಂತ ಡಾಕ್ಟ್ರು ಕೇಳಿದ್ರು. ಎಮ್‌ಆರ್‌ಐ ಹಾರ್ಟನ್ನ ಹೋಳು ಹೋಳು ಮಾಡಿ ತೋರಸ್ತದ, ಆಕಾರ ಊಹೆ ಮಾಡೂ ಕೆಲಸಿಲ್ಲ, ಇಎಫ್‌ಗೆ ಅದಕ್ಕಿಂತ ಮ್ಯಾಲಿಲ್ಲ. ಮುಗಾನಾಗ ಟೆಕ್ನೀಷಿಯಂ ಅನ್ನೂ ರೇಡಿಯೋ ವಸ್ತು ಹಚ್ಚಿದ ರಕ್ತದ ಕೌಂಟ್ ನೋಡ್ತಾರ, ಆದ್ರ ಪ್ರತಿ ಸಲ ರೇಡಿಯೇಷನ್. ನಾನು ಅಂದೆ, ಸರ್, ಇನ್ನೊಂದು ಅಳತಿ ತಂದ್ರ ಅದನ್ನ ಹೋಲಸ್ಲಿಕ್ಕೆ ಹಳೇದು ಎಲ್ಲಿಂದ ತರೂದ್ರಿ? ಎರಡೂ ಸಿಂಪ್ಸನ್ ಬಾಜೂಕ ಬಾಜೂಕ ಇಟ್ಟು ತೋರಿಸಿದೆ. ಡೋಸ್ ಚಾಲೂ ಆತು, ಹತ್ತು ದಿನ ತಡಾ.

ಟೆಂಪ್ಲೇಟ್ ಬದಲ್ಸ್ರಿ ಅಂತ ಮ್ಯಾನೇಜ್‌ಮೆಂಟಿಗೆ ಮೂರು ಸಲ ಬರದೀನಿ, ಕಂಪನಿಗೆ ಹೇಳೇವಿ ಅಂತಾರ, ಎಂಟು ತಿಂಗಳಾತು. ಅಲ್ಲೀ ತನ ಪ್ರತಿ ಇಎಫ್ ಬಾಜೂಕ ಪೆನ್ನಿಲೇ "ಸಿಂಪ್ಸನ್" ಅಂತ ಬರೀತೀನಿ. ಮುಂದಿನ ಸಲ ಆಕಿಗೆ 55 ಬಂತು. ಗಂಡ ಕಾಗದ ಇಸ್ಕೊಂಡು ಮೊದಲ ಆ ಪೆನ್ನಿನ ಅಕ್ಷರ ನೋಡಿ, "ಹೋದ ಸಲದ್ದೂ ಇದೇ ಅಳತೀರಿ?" ಅಂತ ಕೇಳಿದ. ಹೌದ್ರಿ, ಇದೇ.