ಗಿಯಾನಿಯ ಅಂಗಳದಲ್ಲಿ ಕುಣಿದ ನೆರಿಗೆ

ಬೆಳಗಿನ ಜಾವ ಜೋಹಾನ್ಸ್‌ಬರ್ಗ್ ಬಿಟ್ಟವರು ಪೊಲೊಕ್ವಾನೆ ದಾಟಿ ಆರ್81 ರಸ್ತೆಗೆ ಇಳಿಯುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಮೂಕೆತ್ಸಿಯ ಟೊಮೆಟೊ ತೋಟಗಳು ಮುಗಿದ ಮೇಲೆ ಕೆಂಪು ಮಣ್ಣು, ಕುರುಚಲು ಮೊಪಾನೆ ಮರಗಳು. ಅದರ ಎಲೆ ಥೇಟ್ ಚಿಟ್ಟೆಯ ಜೋಡಿ ರೆಕ್ಕೆ. ಮಕರ ಸಂಕ್ರಾಂತಿ ವೃತ್ತ ದಾಟಿ ಸ್ವಲ್ಪ ದೂರಕ್ಕೆ ಗಿಯಾನಿ. ವರ್ಣಭೇದದ ಸರ್ಕಾರ ತ್ಸೊಂಗಾ ಜನರಿಗೆಂದು ಗೆರೆ ಎಳೆದು ಪ್ರತ್ಯೇಕಿಸಿದ್ದ ಗಜಾಂಕುಲು ಸೀಮೆಗೆ 1994ರವರೆಗೆ ಇದೇ ರಾಜಧಾನಿ.

ನನ್ನನ್ನು ಇಲ್ಲಿಯವರೆಗೆ ಎಳೆದು ತಂದದ್ದು ಈ ಸೀಮೆಯ ರಿಚರ್ಡ್ ಮ್ಥೆಥ್ವಾ ಅವರ ಸಂಗೀತ. ನೊಜಿಂಜಾ ಎಂದರೇ ಎಲ್ಲರಿಗೂ ಗೊತ್ತು. ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದ ಮನುಷ್ಯ ಆ ವ್ಯಾಪಾರ ಬಿಟ್ಟು ಹಾಡು ಕಟ್ಟಲು ಕೂತರು. ತ್ಸೊಂಗಾ ಹಾಡುಗಳಿಂದ ಬೇಸ್ ಗಿಟಾರ್ ಕಿತ್ತುಹಾಕಿದರು, ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬಾದ ನಾದವನ್ನು ಕೀಬೋರ್ಡಿನಿಂದ ಹೊರಡಿಸಿದರು, ವೇಗವನ್ನು ನಿಮಿಷಕ್ಕೆ 180 ಬಡಿತದ ಆಸುಪಾಸಿಗೆ ಏರಿಸಿದರು. ಅದೇ ಶಾಂಗಾನ್ ಎಲೆಕ್ಟ್ರೊ; ತ್ಸೊಂಗಾ ಜನರನ್ನು ಶಾಂಗಾನರು ಎಂದೂ ಕರೆಯುತ್ತಾರೆ. 2010ರಲ್ಲಿ ಲಂಡನ್ನಿನ ಆನೆಸ್ಟ್ ಜಾನ್ಸ್ ಸಂಸ್ಥೆ ಇದರ ಸಂಕಲನ ತಂದಿತು. 2015ರಲ್ಲಿ ವಾರ್ಪ್ ಸಂಸ್ಥೆಯಿಂದ ನೊಜಿಂಜಾರದೇ ಆಲ್ಬಂ ಬಂತು. ಕಿತ್ತಳೆ ಬಣ್ಣದ ಉಡುಪು, ಮುಖವಾಡ ತೊಟ್ಟು ಈ ಸಂಗೀತಕ್ಕೆ ಕುಣಿಯುವ ತ್ಶೆತ್ಶಾ ಬಾಯ್ಸ್ ತಂಡದ ವಿಡಿಯೊ ಮೊದಲ ಸಲ ನೋಡಿದಾಗ, ಇವರು ಮುಂದಿನ ಶತಮಾನದಿಂದ ಇಳಿದು ಬಂದವರಿರಬೇಕು ಅನಿಸಿತ್ತು ನನಗೆ.

ಶನಿವಾರ ಮಧ್ಯಾಹ್ನ ನಮ್ಮ ಚಾಲಕನ ನೆಂಟರ ಮನೆಗೆ ಹೋದೆವು. ಗುಡಿಸಿದ ಅಂಗಳ, ಮಧ್ಯೆ ಮಾರುಲಾ ಮರ, ಅದರ ನೆರಳಲ್ಲಿ ಚಾಪೆಯ ಮೇಲೆ ಮನೆಯ ಹಿರಿಯಜ್ಜಿ. ಅಜ್ಜ ಅಜ್ಜಿಯರನ್ನು ಇಲ್ಲಿ 'ಕೊಕ್ವಾನಾ' ಅನ್ನುತ್ತಾರೆ. ನಾನೂ ಹಾಗೆಯೇ ಕರೆದೆ, ನಕ್ಕು ಪಕ್ಕದಲ್ಲಿ ಕೂರಿಸಿಕೊಂಡರು. ಊಟಕ್ಕೆ ವುಸ್ವಾ, ಅಂದರೆ ಮೆಕ್ಕೆಜೋಳದ ಬಿಳಿ ಹಿಟ್ಟಿನ ಗಟ್ಟಿ ಮುದ್ದೆ. ಬೆರಳಲ್ಲಿ ಮುರಿದು ಸೊಪ್ಪಿನ ಪಲ್ಯಕ್ಕೆ ಅದ್ದಿಕೊಂಡು ತಿನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಊಟವಾದ ಮೇಲೆ ಒಂಬತ್ತು ಹತ್ತು ವರ್ಷದ ಮೊಮ್ಮಗಳು ತಿಂಗುವು ತಂದಳು. ತ್ಸೊಂಗಾ ಹೆಂಗಸರ ಶಿಬೆಲಾನಿ ಕುಣಿತಕ್ಕೆ ಉಡುವ ಲಂಗ ಅದು. ಎತ್ತಿ ನೋಡಿದೆ, ಮಗುವಿನಷ್ಟು ಭಾರ! ಮೀಟರುಗಟ್ಟಲೆ ಬಟ್ಟೆಯನ್ನು ಸೊಂಟದ ಬಳಿ ಬೆರಳು ತೂರದಷ್ಟು ಒತ್ತಾಗಿ ನೆರಿಗೆ ಹಿಡಿದು, ದಪ್ಪ ದಾರದಲ್ಲಿ ಬಿಗಿದಿದ್ದರು. ಪಟ್ಟೆಪಟ್ಟೆಯ ಆ ಬಟ್ಟೆಯ ಹೆಸರು ಕೇಳಿದೆ. 'ಸಲೆಂಪೂರಿ' ಅಂದರು. ಹಿಂದೆ ನಮ್ಮ ಕೋರಮಂಡಲ ಕರಾವಳಿಯ ಮಗ್ಗಗಳಲ್ಲಿ ನೇಯ್ದು ಹಡಗು ಹತ್ತಿಸುತ್ತಿದ್ದ ಹತ್ತಿ ಬಟ್ಟೆಯ ಹೆಸರದು! ಅದನ್ನು ಈ ಮರದಡಿ, ಈ ಅಜ್ಜಿಯ ಬಾಯಲ್ಲಿ ಕೇಳಿ ಮೈ ಜುಮ್ಮೆಂದಿತು.

ಮೊದಲು ಸ್ಪೀಕರ್ ಇರಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು, ಒಬ್ಬರು ಡೋಲು ಹಿಡಿದರು. ಹುಡುಗಿಯ ಪಾದ ಹೆಚ್ಚು ಕದಲಲಿಲ್ಲ. ಎಲ್ಲ ಆಟವೂ ಸೊಂಟದ್ದು. ಸೊಂಟ ಒಂದು ಕಡೆ ಹೊರಳಿದರೆ ಲಂಗ ಅರೆಗಳಿಗೆ ತಡವಾಗಿ ಬಂದು ತಲುಪುತ್ತದೆ, ಅಷ್ಟರಲ್ಲಿ ಸೊಂಟ ಇನ್ನೊಂದು ಕಡೆಗೆ ಹೋಗಿರುತ್ತದೆ. ಚಪ್ಪಾಳೆ ಎಣಿಸಿದೆ, ನಿಧಾನವಾಗಿಯೇ ಇತ್ತು. ಎರಡು ಚಪ್ಪಾಳೆಯ ನಡುವೆ ನೆರಿಗೆ ಎಷ್ಟು ಸಲ ನಡುಗಿತೆಂದು ಎಣಿಸಲು ಹೋಗಿ ಸೋತೆ.

ಆಮೇಲೆ ಒಬ್ಬ ಹುಡುಗ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿದ. ಆ ನಾಗಾಲೋಟದ ಕೀಬೋರ್ಡ್ ಶುರುವಾಯಿತು. ಹುಡುಗಿ ತನ್ನ ವೇಗ ಬದಲಿಸಲೇ ಇಲ್ಲ. ಹಾಡೇ ಬಂದು ಅವಳ ಸೊಂಟಕ್ಕೆ ಜೊತೆಯಾಯಿತು. ಯಂತ್ರ ಹುಟ್ಟಿಸಿದ ವೇಗ ಎಂದು ಇಷ್ಟು ದಿನ ನಂಬಿದ್ದೆನಲ್ಲ, ಅದು ಈ ನೆರಿಗೆಯಲ್ಲಿ ಯಾವಾಗಲೋ ಇತ್ತು. ಬೇಸ್ ಯಾಕೆ ಬೇಡವೆನ್ನುವುದೂ ನನ್ನ ಮಟ್ಟಿಗೆ ಆಗ ಅರ್ಥವಾಯಿತು: ಆ ಗುಂಯ್‌ಗುಡುವ ಭಾರ ಇಲ್ಲದ್ದಕ್ಕೇ ಬಟ್ಟೆಯ ಸರಸರ ಸದ್ದು ಕಿವಿಗೆ ಬೀಳುತ್ತಿತ್ತು.

ಕೊಕ್ವಾನಾ ಶಾಲನ್ನು ಸೊಂಟಕ್ಕೆ ಬಿಗಿದು ಎದ್ದರು. ಹುಡುಗ ಗೌರವದಿಂದ ನಿಧಾನದ ಹಾಡೊಂದನ್ನು ಹುಡುಕತೊಡಗಿದ. ಅವರು ಬೇಡವೆಂದು ಕೈಯಾಡಿಸಿ, ಅದೇ ಹಾಡು ಇರಲಿ ಎಂದು, ಮೊಮ್ಮಗಳ ಪಕ್ಕಕ್ಕೆ ಹೋಗಿ ನಿಂತರು.