ಅರ್ಧ ಗಂಟೆ ಹಿಂದಿರುವ ಗಡಿಯಾರ: ಜೂನ್‌ನಿಂದ ಜನವರಿವರೆಗೆ

ನಮ್ಮ ಶಾಲೆಯ ಧ್ವಜಕಟ್ಟೆಯ ಪಕ್ಕದಲ್ಲಿ ಈಗ ಒಂದು ನೆರಳು ಗಡಿಯಾರವಿದೆ. ಹಳೆಯ ಸೈಕಲ್ಲಿನ ಅರ್ಧ ರಿಮ್, ಅದರ ನಡುವೆ ಉತ್ತರಕ್ಕೆ ಮುಖ ಮಾಡಿದ ಕಬ್ಬಿಣದ ಸಲಾಕೆ, ಕೆಳಗೆ ಸಿಮೆಂಟಿನ ಕಟ್ಟೆ. ಕೆಲಸ ಪೂರ್ತಿ ಮುಗಿದಿಲ್ಲ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ನಾನು ಈ ಶಾಲೆ ಬಿಡುತ್ತೇನೆ. ಮುಂದೆ ಇದನ್ನು ನೋಡಿಕೊಳ್ಳುವವರಿಗೆ ಯಾವುದನ್ನು ಏಕೆ ಹೀಗೆ ಮಾಡಿದೆವು ಎಂಬುದು ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಜೂನ್

ಶಾಲೆ ಶುರುವಾದ ಮೇಲೆ ಬಿಸಿಲಿದ್ದ ದಿನ ನಡುಹಗಲಿನಲ್ಲಿ ಒಂದು ಮೀಟರ್ ಉದ್ದದ ಕೋಲು ನಿಲ್ಲಿಸಿದೆವು. ನೆರಳು ದಕ್ಷಿಣಕ್ಕೆ ಬಿತ್ತು, ಉದ್ದ ಸುಮಾರು 14 ಸೆಂ.ಮೀ. ನನ್ನ ಗೆಳತಿ ಕೋಲು ವಾಲಿದೆ ಎಂದು ವಾದಿಸಿದಳು. ನೂಲುಗುಂಡು ಇಳಿಬಿಟ್ಟು ನೋಡಿದೆವು, ಕೋಲು ನೆಟ್ಟಗೇ ಇತ್ತು. ಭಾರತದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ ಎಂದು ಎಲ್ಲೋ ಓದಿ ಇಬ್ಬರೂ ನಂಬಿದ್ದೆವು. ಧಾರವಾಡ ಇರುವುದು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರ ಹೊತ್ತಿಗೆ ಸೂರ್ಯ ಇಪ್ಪತ್ಮೂರೂವರೆ ಡಿಗ್ರಿಯಲ್ಲಿರುವ ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೂ ಹೋಗುತ್ತಾನೆ, ಅಂದರೆ ನಮ್ಮ ನೆತ್ತಿ ದಾಟಿ ಉತ್ತರಕ್ಕೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಮ್ಮೂರಿನಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೇ ಬೀಳುತ್ತದೆ.

ಆ ಅವಧಿಯ ಎರಡು ತುದಿಗಳಲ್ಲಿ ನೆರಳೇ ಇಲ್ಲದ ಒಂದೊಂದು ದಿನ ಬರುತ್ತದೆ. ಒಂದು ಬೇಸಿಗೆ ರಜೆಯಲ್ಲಿ, ಇನ್ನೊಂದು ಮಳೆಗಾಲದ ನಡುವೆ. ಶಾಲೆಯ ಮಕ್ಕಳು ನೋಡಬಾರದೆಂದೇ ಯಾರೋ ವೇಳಾಪಟ್ಟಿ ಹಾಕಿದಂತಿದೆ.

ಗಡಿಯಾರಕ್ಕೆ ಮೊದಲು ಬೇಕಾದದ್ದು ನಿಜವಾದ ಉತ್ತರ ದಿಕ್ಕು. ಮೊಬೈಲಿನ ದಿಕ್ಸೂಚಿಯನ್ನು ಧ್ವಜಕಂಬದ ಹತ್ತಿರ ಹಿಡಿದರೆ ಒಂದು ಉತ್ತರ, ಗೇಟಿನ ಹತ್ತಿರ ಹಿಡಿದರೆ ಇನ್ನೊಂದು. ಕನ್ನಡದ ಸರ್ ಹಳೆಯ ವಿಧಾನವೊಂದನ್ನು ಹೇಳಿಕೊಟ್ಟರು. ನೆಲದ ಮೇಲೆ ವೃತ್ತ ಎಳೆದು ನಡುವೆ ಶಂಕು, ಅಂದರೆ ನೆಟ್ಟಗಿನ ಕೋಲು, ನೆಡಬೇಕು. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಜಾಗದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗದಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದರೆ ಪೂರ್ವ–ಪಶ್ಚಿಮ ರೇಖೆ; ಅದಕ್ಕೆ ಲಂಬ ಎಳೆದರೆ ಉತ್ತರ–ದಕ್ಷಿಣ. ಶುಲ್ಬಸೂತ್ರಗಳ ಕಾಲದಲ್ಲಿ ಯಜ್ಞವೇದಿಕೆ ಕಟ್ಟುವಾಗಲೂ ದಿಕ್ಕು ಗುರುತಿಸುತ್ತಿದ್ದದ್ದು ಹೀಗೆಯೇ.

ನೃಪತುಂಗನ ಪಾಠದ ನಡುವೆ ಸರ್ ಈ ಮಾತು ತೆಗೆದದ್ದು. ಅಮೋಘವರ್ಷ ನೃಪತುಂಗನ ಕಾಲವೆಂದರೆ ನಾವು ಕವಿರಾಜಮಾರ್ಗದ ಹೆಸರು ಹೇಳಿ ಸುಮ್ಮನಾಗುತ್ತೇವೆ. ಅದೇ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ನೆರಳಿನ ಲೆಕ್ಕಗಳಿಗೇ ಒಂದು ಅಧ್ಯಾಯವಿದೆ. ಗಣಿತದ ಪಿರಿಯಡ್‌ನಲ್ಲಿ ಈ ಹೆಸರು ಕೇಳಿದ ನೆನಪು ನನಗಿಲ್ಲ.

ಮೋಡಗಳಿಂದಾಗಿ ಬೆಳಗಿನ ಗುರುತು ಸಿಕ್ಕ ದಿನ ಮಧ್ಯಾಹ್ನದ್ದು ಸಿಗುತ್ತಿರಲಿಲ್ಲ. ಕೊನೆಗೆ ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಲ್ಲೇ ಕಾದು ಕುಳಿತು ಎರಡನ್ನೂ ಪಡೆದೆವು. ಸಿಪಾಯಿ ಮಾಮಾ ಗೇಟಿಗೆ ಬೀಗ ಹಾಕದೆ ನಮಗಾಗಿ ಉಳಿದುಕೊಂಡಿದ್ದರು. ಆ ರೇಖೆಯ ಮೇಲೆ ಮೊಳೆ ಹೊಡೆದಿದ್ದೇವೆ. ದಯವಿಟ್ಟು ಅವನ್ನು ಯಾರೂ ಕೀಳಬೇಡಿ.

ಜುಲೈ, ಆಗಸ್ಟ್

ಮಳೆ. ಹೊರಗೆ ಮಾಡುವಂಥದ್ದು ಏನೂ ಇರಲಿಲ್ಲ, ಆದ್ದರಿಂದ ಲೆಕ್ಕ ಮಾಡಿದೆವು.

ಮೊದಲು ಯೋಚಿಸಿದ್ದು ನೆಲದ ಮೇಲೆ ಮಲಗಿಸುವ ಗಡಿಯಾರ. ಚಿತ್ರಗಳಲ್ಲಿ ಕಾಣುವುದು ಅದೇ: ಚಪ್ಪಟೆ ಹಲಗೆ, ಮೇಲೊಂದು ತ್ರಿಕೋನ. ತ್ರಿಕೋನದ ಓರೆ ಅಂಚು ನೆಲದಿಂದ ಆಯಾ ಊರಿನ ಅಕ್ಷಾಂಶದಷ್ಟೇ ಮೇಲೇಳಬೇಕು. ಗಂಟೆಯ ಗೆರೆಗಳ ಕೋನ ತಿಳಿಯಲು ಅಕ್ಷಾಂಶದ ಸೈನ್ ಬೆಲೆಯನ್ನು ಗಂಟೆಯ ಕೋನದ ಟ್ಯಾನ್ ಬೆಲೆಯಿಂದ ಗುಣಿಸಬೇಕು. ನಮ್ಮ ಪಠ್ಯದ ತ್ರಿಕೋನಮಿತಿ 30, 45, 60 ಡಿಗ್ರಿಗಳಾಚೆ ಹೆಚ್ಚು ಓಡಾಡುವುದಿಲ್ಲ. ಧಾರವಾಡವೋ ಹದಿನೈದೂವರೆ ಡಿಗ್ರಿಯಲ್ಲಿ ಕುಳಿತಿದೆ. ಗಣಿತದ ಸರ್ ತಮ್ಮ ಕಾಲೇಜಿನ ದಿನಗಳ ಕೋಷ್ಟಕದ ಪುಸ್ತಕ ತಂದುಕೊಟ್ಟರು. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಅವರು ಹೇಗೆ ಲೆಕ್ಕ ಮಾಡುತ್ತಿದ್ದರೆಂದು ಆ ಪುಟಗಳ ಅಂಚಿನ ಪೆನ್ಸಿಲ್ ಗುರುತುಗಳಲ್ಲಿ ಕಾಣುತ್ತದೆ.

ಲೆಕ್ಕ ಮುಗಿದಾಗ ಬೇಸರವಾಯಿತು. 12 ಮತ್ತು 1 ಗಂಟೆಯ ಗೆರೆಗಳ ನಡುವೆ ಬರೀ 4 ಡಿಗ್ರಿ. 5 ಮತ್ತು 6ರ ನಡುವೆ 45 ಡಿಗ್ರಿ! ನಾವು ಶಾಲೆಯಲ್ಲಿರುವ ಹೊತ್ತಿನ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು, ಮನೆಗೆ ಹೋದ ಮೇಲಿನ ಒಂದು ಗಂಟೆಗೆ ಹಲಗೆಯ ಅರ್ಧ ಜಾಗ. ಈ ಮಾದರಿ ಧ್ರುವದ ಕಡೆಗಿರುವ ಊರುಗಳಿಗೆ ಹೊಂದುತ್ತದೆ, ಸಮಭಾಜಕ ವೃತ್ತಕ್ಕೆ ಹತ್ತಿರದ ನಮಗಲ್ಲ.

ಹಲಗೆಯನ್ನು ಮಲಗಿಸದೆ ಸಮಭಾಜಕ ವೃತ್ತಕ್ಕೆ ಸಮಾನಾಂತರವಾಗಿ ಎತ್ತಿ ನಿಲ್ಲಿಸಿದರೆ ಪ್ರತಿ ಗಂಟೆಗೂ ಸರಿಯಾಗಿ 15 ಡಿಗ್ರಿ ಸಿಗುತ್ತದೆ. ಆದರೆ ಅದಕ್ಕೆ ಅರ್ಧ ವರ್ಷ ಉತ್ತರದ ಮುಖಕ್ಕೆ ಬಿಸಿಲು, ಅರ್ಧ ವರ್ಷ ದಕ್ಷಿಣದ ಮುಖಕ್ಕೆ. ಎರಡೂ ಕಡೆ ಗೆರೆ ಬರೆಯಬೇಕು, ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಎರಡರ ಮೇಲೂ ನೆರಳು ಸರಿಯಾಗಿ ಕಾಣುವುದಿಲ್ಲ. ಇದನ್ನು ಅಪ್ಪನ ಸೈಕಲ್ ರಿಪೇರಿ ಅಂಗಡಿಯಲ್ಲಿ ಕುಳಿತು ವಿವರಿಸುತ್ತಿದ್ದೆ. ಅಪ್ಪ ಕೇಳುತ್ತಿದ್ದಾರೆಂದು ನನಗೆ ಅನಿಸಿರಲಿಲ್ಲ. ಒಂದು ಚಕ್ರದ ಔಟ್ ತೆಗೆಯುತ್ತಲೇ, “ಹಲಗೆ ಏಕೆ ಬೇಕು? ನೆರಳು ರಿಮ್ಮಿನ ಒಳಗೆ ಬಿದ್ದರೆ ಆಗುವುದಿಲ್ಲವೇ?” ಎಂದರು.

ಆಗುತ್ತದೆ. ಅರ್ಧ ರಿಮ್ ಸಾಕು, ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಮೇಲಿನ ಅರ್ಧ ಇಲ್ಲದಿರುವುದರಿಂದ ಅದರ ನೆರಳು ಅಡ್ಡ ಬರುವ ಮಾತಿಲ್ಲ, ವರ್ಷವಿಡೀ ಒಂದೇ ಮುಖದಲ್ಲಿ ಓದಬಹುದು.

ಸೆಪ್ಟೆಂಬರ್

ಗುಜರಿಗೆ ಹೋಗಬೇಕಿದ್ದ 28 ಇಂಚಿನ ರಿಮ್ ಒಂದನ್ನು ಅಪ್ಪ ಕತ್ತರಿಸಿಕೊಟ್ಟರು. ಕತ್ತರಿಸಿದ ಕೂಡಲೇ ಅದು ಸ್ವಲ್ಪ ಅಗಲವಾಗಿ ಬಿಚ್ಚಿಕೊಂಡಿತು. ವೆಲ್ಡಿಂಗ್ ಅಂಗಡಿಯ ಕಾಕಾ ಎರಡು ತುದಿಗಳಿಗೆ ಅಡ್ಡಪಟ್ಟಿ ಬೆಸೆದು ಹಿಡಿದಿಟ್ಟರು. ರಿಮ್ಮಿನ ಒಳಮೈಯಲ್ಲಿ ಒಂದು ಗಂಟೆಗೆ ಸುಮಾರು 8 ಸೆಂ.ಮೀ. ಜಾಗ ಬರುತ್ತದೆ, ಮೂರು ನಿಮಿಷಕ್ಕೆ 4 ಮಿ.ಮೀ.

ನೆರಳಿನ ಕಡ್ಡಿಗೆ ಮೊದಲು ಸೈಕಲ್ಲಿನ ಕಡ್ಡಿಯನ್ನೇ ಹಾಕಿ ನೋಡಿದೆವು. ರಿಮ್ಮಿನ ಮೇಲೆ ಮಸುಕಾದ ಬೂದು ಗೆರೆಯಷ್ಟೇ ಕಂಡಿತು. ಸೂರ್ಯ ಒಂದು ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. 2 ಮಿ.ಮೀ. ದಪ್ಪದ ಕಡ್ಡಿಯ ಗಾಢ ನೆರಳು 22 ಸೆಂ.ಮೀ. ದೂರ ಹೋಗುವಷ್ಟರಲ್ಲಿ ಮುಗಿದುಹೋಗುತ್ತದೆ, ನಮ್ಮ ರಿಮ್ ಇರುವುದು 30 ಸೆಂ.ಮೀ. ದೂರದಲ್ಲಿ. ಆಮೇಲೆ 6 ಮಿ.ಮೀ. ಸಲಾಕೆ ಹಾಕಿದೆವು, ನಡುವೆ ಕಪ್ಪು ಪಟ್ಟಿ ಸ್ಪಷ್ಟವಾಗಿ ಬಂತು. ಅಂಚುಗಳು ಈಗಲೂ ಮಸುಕೇ. ಎಷ್ಟೇ ಜಾಣತನ ಮಾಡಿದರೂ ಆ ಮಸುಕು ಎರಡು ನಿಮಿಷದಷ್ಟು ಇರುತ್ತದೆ. ಎರಡೂ ಅಂಚುಗಳನ್ನು ನೋಡಿ ನಡುಬಿಂದು ಓದಬೇಕು.

ಸೆಪ್ಟೆಂಬರ್ 23ರಂದು ಹಗಲು–ರಾತ್ರಿ ಸಮ. ಅಂದು ಮೀಟರ್ ಕೋಲಿನ ನಡುಹಗಲಿನ ನೆರಳು ನೇರವಾಗಿ ಅಕ್ಷಾಂಶವನ್ನೇ ಹೇಳುತ್ತದೆ. ನಮಗೆ 28 ಸೆಂ.ಮೀ.ಗೆ ಕೂದಲೆಳೆ ಕಡಿಮೆ ಬಂತು. ಸರ್ ಅದನ್ನು ತರಗತಿಗೇ ಒಯ್ದು, ಟ್ಯಾನ್ ಬೆಲೆ 0.28 ಇರುವ ಕೋನ ಯಾವುದು ಎಂದು ಕೋಷ್ಟಕದಲ್ಲಿ ಹುಡುಕಿಸಿದರು. ಹದಿನೈದೂವರೆ ಡಿಗ್ರಿ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಆ ಬೆಂಚಿನಿಂದ ಉತ್ತರ ಬರುವುದು ಅಪರೂಪ.

ಅಕ್ಟೋಬರ್

ದಸರಾ ರಜೆಯಲ್ಲಿ ಕಟ್ಟೆ ಕಟ್ಟಿ ಗಡಿಯಾರ ನಿಲ್ಲಿಸಿದೆವು. ಸಲಾಕೆಯ ಓರೆಯನ್ನು ಕೋನಮಾಪಕ, ನೂಲುಗುಂಡು ಹಿಡಿದು ಹೊಂದಿಸಿದೆವು.

ರಜೆ ಮುಗಿದ ಮೊದಲ ದಿನವೇ ಹೆಡ್‌ಮಾಸ್ತರರು ಬಂದು ಕೈಗಡಿಯಾರ ನೋಡಿದರು, ರಿಮ್ ನೋಡಿದರು, “ನಿಮ್ಮದು ಹಿಂದಿದೆ. ಸರಿ ಮಾಡಿ” ಎಂದು ಹೊರಟುಹೋದರು.

ಹಿಂದಿರಲೇಬೇಕು. ಸಮಾಜ ವಿಜ್ಞಾನದ ಟೀಚರ್ ಬೋರ್ಡಿನ ಮೇಲೆ ಇದನ್ನು ಎರಡೇ ಸಾಲಿನಲ್ಲಿ ತೋರಿಸಿದರು. ಭಾರತದ ಅಧಿಕೃತ ಸಮಯವನ್ನು ಮಿರ್ಜಾಪುರದ ಹತ್ತಿರ ಹಾಯುವ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದಿಂದ ಲೆಕ್ಕ ಹಾಕುತ್ತಾರೆ. ಧಾರವಾಡ 75 ಡಿಗ್ರಿಗೆ ಅಂಟಿಕೊಂಡೇ ಇದೆ. ವ್ಯತ್ಯಾಸ ಏಳೂವರೆ ಡಿಗ್ರಿ, ಡಿಗ್ರಿಗೆ 4 ನಿಮಿಷ, ಒಟ್ಟು 30 ನಿಮಿಷ. ಮಿರ್ಜಾಪುರದ ನೆತ್ತಿಗೆ ಬಂದ ಸೂರ್ಯ ನಮ್ಮ ಊರಿನವರೆಗೆ ಬರಲು ಅರ್ಧ ಗಂಟೆ ಬೇಕು. ದೇಶಕ್ಕೆಲ್ಲ ಒಂದೇ ಸಮಯ ಎಂಬ ವ್ಯವಸ್ಥೆ ಬಂದದ್ದು 1906ರಲ್ಲಿ. ಆಮೇಲೂ ಮುಂಬಯಿ ಬಹಳ ವರ್ಷ ತನ್ನದೇ ಸಮಯ ಇಟ್ಟುಕೊಂಡಿತ್ತು. ಹಾಗಾದರೆ ಧಾರವಾಡದ ಗಡಿಯಾರ ಧಾರವಾಡದ ಸಮಯ ತೋರಿಸಿದರೆ ತಪ್ಪೇನು ಎಂದು ಟೀಚರ್ ಕೇಳಿದರು. ಶಾಲೆಗೆ ಬಂದು ಇಷ್ಟು ವರ್ಷಗಳಲ್ಲಿ ಪಾಠದ ಹೊತ್ತಿನಲ್ಲಿ ನನಗೆ ಸಿಟ್ಟು ಮತ್ತು ಸಂತೋಷ ಒಟ್ಟಿಗೆ ಬಂದದ್ದು ಆಗಲೇ ಇರಬೇಕು.

ಗಣಿತದ ಸರ್ ಒಪ್ಪಲಿಲ್ಲ. ಓದುವವನಿಗೆ ಉಪಯೋಗವಾಗದ ಉಪಕರಣ ಉಪಕರಣವೇ ಅಲ್ಲ ಎಂಬುದು ಅವರ ವಾದ. ಗಂಟೆಯ ಗುರುತುಗಳನ್ನು 4 ಸೆಂ.ಮೀ. ಸರಿಸಿ ಬರೆದರೆ ಮುಗಿಯಿತು ಎಂದರು. ಇಬ್ಬರೂ ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಜೋರಾಗಿ ಮಾತನಾಡುತ್ತಿದ್ದರೆಂದು ಸಿಪಾಯಿ ಮಾಮಾ ಹೇಳಿದರು.

ಅಂದಹಾಗೆ, ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಇದೆಲ್ಲ ಏಕೆ ಎಂದು ಕೇಳಿದ ಶಿಕ್ಷಕರೂ ಇದ್ದಾರೆ. ವಸ್ತುಪ್ರದರ್ಶನಕ್ಕೆ ಥರ್ಮೊಕೋಲಿನಲ್ಲಿ ಚಿಕ್ಕದೊಂದು ಮಾಡಿದ್ದರೆ ಸಾಕಿತ್ತಲ್ಲ ಎಂದರು. ಬಣ್ಣ ಬಳಿದ ಮಾದರಿಗೆ ಬಹುಮಾನ ಬರುತ್ತದೆ ಎಂಬುದು ನಿಜ. ಮಾದರಿಯನ್ನು ಮೇಜಿನ ಮೇಲಿಟ್ಟು ಕಂಠಪಾಠ ಒಪ್ಪಿಸುವುದನ್ನು ನಾನೂ ಎಂಟನೆಯ ತರಗತಿಯಲ್ಲಿ ಮಾಡಿದ್ದೇನೆ. ಆ ಮೂರು ನಿಮಿಷದ ಭಾಷಣದಲ್ಲಿ ಒಂದೇ ಒಂದು ಅಳತೆ ಇರಲಿಲ್ಲ, ಯಾರೂ ಕೇಳಲೂ ಇಲ್ಲ.

ಇಂಗ್ಲಿಷ್ ಟೀಚರ್ ದಾರಿ ಬೇರೆ. ತಮ್ಮ ಪಿರಿಯಡ್‌ನ ನಡುವೆ ಎದ್ದು ಹೋಗಿ ನೆರಳು ಓದಿ ಬರಲು ಬಿಡುತ್ತಾರೆ, ಬಂದ ಮೇಲೆ ನೋಡಿದ್ದನ್ನು ಇಂಗ್ಲಿಷಿನಲ್ಲಿ ಒಂದು ವಾಕ್ಯದಲ್ಲಿ ಹೇಳಬೇಕು. ಮೊದಮೊದಲು ವಾಕ್ಯಕ್ಕೆ ಹೆದರಿ ಹೋಗುತ್ತಿರಲಿಲ್ಲ. ಈಗ ಹಿಂದಿನ ಸಲದ್ದೇ ವಾಕ್ಯ ಹೇಳಿದರೆ ಅವರು ಒಪ್ಪುವುದಿಲ್ಲ.

ನವೆಂಬರ್

ಹೆಡ್‌ಮಾಸ್ತರರು ಮತ್ತೆ ಬಂದರು. ನಮ್ಮ ಗಡಿಯಾರ 14 ನಿಮಿಷವಷ್ಟೇ ಹಿಂದಿತ್ತು. “ಅರ್ಧ ಸರಿಹೋಗಿದೆ, ಇನ್ನಷ್ಟು ಮಾಡಿ” ಎಂದು ಬೆನ್ನು ತಟ್ಟಿದರು. ನಾವು ಏನನ್ನೂ ಮುಟ್ಟಿರಲಿಲ್ಲ.

ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ಅಕ್ಷವೂ ವಾಲಿದೆ. ಈ ಎರಡು ಕಾರಣಗಳು ಸೇರಿ ಸೂರ್ಯ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ ಇರುತ್ತಾನೆ. ನವೆಂಬರ್ ಆರಂಭದಲ್ಲಿ 16 ನಿಮಿಷ ಮುಂದೆ, ಫೆಬ್ರುವರಿ ನಡುವಿನಲ್ಲಿ 14 ನಿಮಿಷ ಹಿಂದೆ. ನಮ್ಮ ಊರಿನ 30 ನಿಮಿಷಕ್ಕೆ ಇದನ್ನು ಸೇರಿಸಿದರೆ, ನಿಜವಾದ ನಡುಹಗಲು ನವೆಂಬರ್‌ನಲ್ಲಿ 12:14ಕ್ಕೆ, ಫೆಬ್ರುವರಿಯಲ್ಲಿ 12:44ಕ್ಕೆ. ಗುರುತನ್ನು ಒಮ್ಮೆ 4 ಸೆಂ.ಮೀ. ಸರಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಗಣಿತದ ಸರ್‌ಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸರಿಯುವಂತೆಯೇ ಮಾಡು” ಎಂದರು.

ಈಗಿನ ವ್ಯವಸ್ಥೆ ಅಲ್ಲಿಂದ ಬಂದದ್ದು. ರಿಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ ಧಾರವಾಡದ ಸಮಯ, ಅದು ಅಲುಗುವುದಿಲ್ಲ. ಅದರ ಪಕ್ಕದಲ್ಲಿ ತಗಡಿನ ಪಟ್ಟಿಯ ಮೇಲೆ ಕಪ್ಪು ಬಣ್ಣದಲ್ಲಿ ಭಾರತೀಯ ಸಮಯ. ಎರಡು ಸ್ಕ್ರೂ ಸಡಿಲಿಸಿ ಸರಿಸಬಹುದು. ಯಾವ ತಿಂಗಳು ಎಲ್ಲಿ ನಿಲ್ಲಿಸಬೇಕೆಂದು ಅಂಚಿನಲ್ಲಿ ಕಚ್ಚು ಹಾಕುತ್ತಿದ್ದೇವೆ. ನವೆಂಬರ್ ಕಚ್ಚಿನಿಂದ ಫೆಬ್ರುವರಿ ಕಚ್ಚಿಗೆ ಸರಿಯಾಗಿ 4 ಸೆಂ.ಮೀ. ಟೀಚರ್ ಕೆಂಪನ್ನು ಓದುತ್ತಾರೆ, ಸರ್ ಕಪ್ಪನ್ನು.

ಡಿಸೆಂಬರ್, ಜನವರಿ

ಡಿಸೆಂಬರ್ 22ರ ಸುಮಾರಿಗೆ ಕೋಲಿನ ನೆರಳು 80 ಸೆಂ.ಮೀ. ಮುಟ್ಟಿತು, ವರ್ಷದಲ್ಲೇ ಅತಿ ಉದ್ದ. ಸಂಕ್ರಾಂತಿಗೆ ಎಳ್ಳು–ಬೆಲ್ಲ ಹಂಚುವ ಹೊತ್ತಿಗೆ ಅದು 75ಕ್ಕೆ ಇಳಿದಿತ್ತು. ಉತ್ತರಾಯಣ ಇಂದು ಶುರು ಎಂದು ಅಜ್ಜಿ, ಮೂರು ವಾರ ಹಿಂದೆಯೇ ಶುರುವಾಗಿದೆ ಎಂದು ನಾನು. “ನಿನ್ನ ಕೋಲಿಗೆ ಹಬ್ಬ ಗೊತ್ತಿಲ್ಲ” ಎಂದು ಅಜ್ಜಿ ಚರ್ಚೆ ಮುಗಿಸಿದರು.

ಕೆಂಪು ಗುರುತಿಗೂ ಕೈಗಡಿಯಾರಕ್ಕೂ ಈಗ 39 ನಿಮಿಷದ ಅಂತರ. ಕಪ್ಪು ಪಟ್ಟಿ ಮಾತ್ರ ಒಂದೆರಡು ನಿಮಿಷದೊಳಗೆ ಹೊಂದುತ್ತಿದೆ. ಹೆಡ್‌ಮಾಸ್ತರರು ಅದನ್ನು ನೋಡಿ ಏನೂ ಹೇಳಲಿಲ್ಲ. ಮರುದಿನ ಗಡಿಯಾರದ ಸುತ್ತ ಕಬ್ಬಿಣದ ಬೇಲಿ ಹಾಕಿಸಲು ಅಳತೆ ತೆಗೆಸಿದರು. ಬೇಲಿಯ ಎತ್ತರ ರಿಮ್ಮಿಗಿಂತ ಕಡಿಮೆ ಇರಲಿ ಎಂದು ಕೇಳಿಕೊಂಡಿದ್ದೇನೆ, ಇಲ್ಲದಿದ್ದರೆ ಸಂಜೆಯ ನೆರಳು ಬೇಲಿಯದ್ದೇ ಆಗುತ್ತದೆ.

ಪಿಯುಸಿಯಲ್ಲಿ ವಿಜ್ಞಾನವೋ ಬೇರೆಯದೋ ಎಂದು ಎಲ್ಲರೂ ಕೇಳುತ್ತಿದ್ದಾರೆ. ಅಳೆಯುವ ಕೆಲಸ ಎಲ್ಲಿದೆಯೋ ಅಲ್ಲಿ ಎಂದು ಹೇಳಿದರೆ ಅದು ಕೋರ್ಸಿನ ಹೆಸರಲ್ಲ ಎನ್ನುತ್ತಾರೆ. ಸರ್ವೇ ಕೆಲಸದ ಬಗ್ಗೆ ಕೇಳಿ ತಿಳಿದುಕೊಳ್ಳುತ್ತಿದ್ದೇನೆ.

ಬಾಕಿ ಉಳಿದದ್ದು: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಕಚ್ಚುಗಳನ್ನು ಲೆಕ್ಕದಿಂದ ಹಾಕಿದ್ದೇವೆ, ಬಿಸಿಲಿನಲ್ಲಿ ಪರೀಕ್ಷಿಸಿಲ್ಲ. ಫೆಬ್ರುವರಿ 11ರ ಸುಮಾರಿನ ಓದು ಮುಖ್ಯ, ಆದರೆ ಆಗ ನಮಗೆ ಪೂರ್ವಸಿದ್ಧತಾ ಪರೀಕ್ಷೆಗಳ ಕಾಲ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಆ ವಾರ ಓದಲು ಒಪ್ಪಿದ್ದಾರೆ. ಸ್ಕ್ರೂ ತಿರುಗಿಸುವ ಕೀಲಿ ಸಿಪಾಯಿ ಮಾಮಾನ ಹತ್ತಿರವಿದೆ, ಸಲಾಕೆಗೆ ತುಕ್ಕು ಹಿಡಿಯದಂತೆ ಮಳೆಗಾಲಕ್ಕೆ ಮೊದಲು ಒಂದು ಕೈ ಬಣ್ಣ ಬಳಿಯಬೇಕು.