ಮುಳ್ಳು ಹೇಳುವುದು ನೀರಿನ ಸುದ್ದಿ

ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿ ನನಗೆ ವರ್ಷವೂ ಆಗಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ, ಸರ್ವಿಸ್ ಮುಗಿದ ಟರ್ಬೊ ಸ್ಪೋರ್ಟ್ಸ್ ಕಾರನ್ನು ಟ್ರಯಲ್‌ಗೆ ಒಯ್ದೆವು. ಪಕ್ಕದ ಸೀಟಿನಲ್ಲಿ ನಮ್ಮ ಹಿರಿಯ ಮಿಸ್ತ್ರಿ, ಅವರ ತೊಡೆಯ ಮೇಲೆ ಇಂಜಿನ್ ರೀಡಿಂಗ್ ತೋರಿಸುವ ಸ್ಕ್ಯಾನರ್. ಅಂಥ ಕಾರಿನ ಸ್ಟೇರಿಂಗ್ ನನ್ನ ಕೈಗೆ ಸಿಕ್ಕಿದ್ದೇ ಮೊದಲು. ತಾರಿಹಾಳದ ಹತ್ತಿರ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ನಡುವಿಗೆ ಬಂದು ನಿಂತಿತ್ತು. ರಸ್ತೆ ಖಾಲಿ. ಆಕ್ಸಿಲರೇಟರ್ ಒತ್ತಿಯೇ ಬಿಟ್ಟೆ.

ಮಿಸ್ತ್ರಿ ಬೈಯಲಿಲ್ಲ. "ಗಾಡಿ ಸೈಡಿಗೆ ಹಾಕೋ ತಮ್ಮಾ" ಅಂದರು. ಸ್ಕ್ಯಾನರ್ ನನ್ನ ಕಡೆ ತಿರುಗಿಸಿದರು. ಕೂಲಂಟ್, ಅಂದರೆ ಇಂಜಿನ್ ತಂಪಿಡುವ ನೀರು, 88 ಡಿಗ್ರಿ; ಆಯಿಲ್ 51.

"ಮುಳ್ಳು ನೀರಿನ ಸುದ್ದಿ ಹೇಳ್ತೈತಿ. ಎಣ್ಣಿ ಸುದ್ದಿ ಯಾರ್ ಕೇಳವ್ರು?"

ಮನೆಯ ಒಲೆಯ ಮೇಲೆ ನೀರಿಗಿಂತ ಎಣ್ಣೆ ಬೇಗ ಕಾಯುತ್ತದೆ, ಅಲ್ವಾ? ಇಂಜಿನ್‌ನಲ್ಲಿ ಉಲ್ಟಾ. ಕೂಲಂಟ್ ಸಿಲಿಂಡರಿನ ಸುತ್ತಲೇ, ಬೆಂಕಿಯ ಪಕ್ಕದಲ್ಲೇ ಓಡಾಡುತ್ತದೆ. ಬಿಸಿಯಾಗುವ ತನಕ ಥರ್ಮೋಸ್ಟಾಟ್ ಅದನ್ನು ರೇಡಿಯೇಟರಿಗೆ ಬಿಡುವುದೂ ಇಲ್ಲ. ಆಯಿಲ್ ಇರುವುದು ಕೆಳಗೆ ಚೇಂಬರಿನಲ್ಲಿ, ಗಾಳಿ ಬಡಿಯುವ ಜಾಗದಲ್ಲಿ. ಚಳಿಗಾಲದ ಬೆಳಿಗ್ಗೆ ಅದಕ್ಕೆ ಕಾಲು ಗಂಟೆಯಾದರೂ ಬೇಕು. 5ಡಬ್ಲ್ಯೂ-30 ದರ್ಜೆಯ ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಐದಾರು ಪಟ್ಟು ಮಂದ. ಅದನ್ನು ಪಂಪ್ ಜೋರಾಗಿ ತಳ್ಳಿದರೆ ಪ್ರೆಶರ್ ಏರಿ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಒಂದಿಷ್ಟು ಆಯಿಲ್ ಮೇಲೆ ಹೋಗದೆ ವಾಪಸಾಗುತ್ತದೆ. ಫಿಲ್ಟರ್ ತಪ್ಪಿಸಿ ಹೋಗುವ ಬೈಪಾಸ್ ವಾಲ್ವ್ ಬಾಯಿ ಬಿಟ್ಟರೆ ಸೋಸದ ಆಯಿಲ್ಲೇ ಬೇರಿಂಗಿಗೆ. ಪ್ರೆಶರ್ ಚೆನ್ನಾಗಿದೆ ಅಂತ ಖುಷಿಪಡುವವರನ್ನು ಕಂಡರೆ ನನಗೆ ಈಗ ನಗು ಬರುತ್ತದೆ.

ಬಿಎಂಡಬ್ಲ್ಯೂದ ಹಳೆಯ ಇ46 ಎಂ3ಯಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅಂತ ತೋರಿಸುವ ಆರ್‌ಪಿಎಂ ಮೀಟರಿನ ಅಂಚಿಗೇ ಲೈಟುಗಳಿದ್ದವು. ಇಂಜಿನ್ ಕಾದಂತೆ ಒಂದೊಂದೇ ಆರುತ್ತಿದ್ದವು. ಎಲ್ಲ ಕಾರಿಗೂ ಹಾಗೊಂದು ಇದ್ದಿದ್ದರೆ ನನ್ನಂಥವರಿಗೆ ಅನುಕೂಲವಾಗುತ್ತಿತ್ತು.

ಅವತ್ತು ನಾನು ಒತ್ತಿದ್ದಕ್ಕೆ ಕಾರಿಗೇನೂ ಆಗಲಿಲ್ಲ. ಫಜೀತಿ ಇರುವುದೇ ಅಲ್ಲಿ. ಎರಡು ವರ್ಷದ ಮೇಲೆ ಬೇರೊಂದು ಕಾರು ಕೆಳಗಿನಿಂದ ಕಟಕಟ ಸಪ್ಪಳ ಮಾಡುತ್ತ ಬಂತು. ಬಿಚ್ಚಿ ನೋಡಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಆಯಿಲ್ ಬದಲಾಯಿಸುವುದರಲ್ಲಿ ಒಂದು ದಿನ ತಡ ಮಾಡದ ಮಾಲೀಕರು. ಆದರೆ ಮನೆಯಿಂದ ಬೈಪಾಸ್ ರಸ್ತೆಗೆ ಮೂರೇ ನಿಮಿಷ. ಪ್ರತಿ ಭಾನುವಾರ ನಸುಕಿನಲ್ಲೇ ಸವಾರಿ, ಆಯಿಲ್ ಕಾಯುವ ಮೊದಲೇ. ಅದೊಂದೇ ಕಾರಣ ಅಂತ ನಾನು ಹೇಳಲಾರೆ. ಮಿಸ್ತ್ರಿಗೆ ಮಾತ್ರ ಅನುಮಾನವೇ ಇರಲಿಲ್ಲ.

ಹಾಗಂತ ಮನೆ ಮುಂದೆ ಸುಮ್ನೆ ಚಾಲೂ ಇಟ್ಟು ಕೂರುವುದೂ ಬೇಡ. ನಿಂತಲ್ಲೇ ಆಯಿಲ್ ಬಹಳ ನಿಧಾನ ಕಾಯುತ್ತದೆ. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಅದರಲ್ಲಿ ಒಂದಿಷ್ಟು ಉರಿಯದೆ ಇಳಿದು ಆಯಿಲ್ ಸೇರುತ್ತದೆ. ಅರ್ಧ ನಿಮಿಷ ಸಾಕು. ಆಮೇಲೆ 2500 ಆರ್‌ಪಿಎಂ ಒಳಗೆ ಮೆತ್ತಗೆ ಓಡಿಸಿ, ಆಯಿಲ್ 80 ದಾಟುವ ತನಕ.

ಈಗ ಟ್ರಯಲ್‌ಗೆ ನಾನು ಸೀದಾ ತಾರಿಹಾಳಕ್ಕೆ ಹೋಗುವುದಿಲ್ಲ. ಊರೊಳಗೆ ಉಣಕಲ್ ಕೆರೆ ತನಕ ಹೋಗಿ, ತಿರುಗಿ, ಆಮೇಲೆ ಬೈಪಾಸ್. ಹೊಸ ಹುಡುಗರಿಗೆ ಬೇಸರ. ದಾರಿಯಲ್ಲಿ ಗಿರ್ಮಿಟ್, ಮಿರ್ಚಿಗೆ ನಿಲ್ಲಿಸ್ರಿ ಅಣ್ಣಾ ಅನ್ನುತ್ತಾರೆ. ಬರುವಾಗ ನೋಡೋಣ ಅನ್ನುತ್ತೇನೆ. ಇಷ್ಟು ಹೊತ್ತು ಕಾಯಿಸಿದ್ದು ಮತ್ತೆ ಆರಬಾರದಲ್ಲ!